ತಲೆ ನೋಡಿ ಪೇಟ ಇಡುವ ಮಾವ

ನನ್ನ ಸೋದರಮಾವ ಯಾರ ಮುಖವನ್ನೂ ನೋಡುವುದಿಲ್ಲ. ತಲೆಯನ್ನಷ್ಟೇ ನೋಡುತ್ತಾರೆ. ಸುಳ್ಳಲ್ಲ! ನನ್ನನ್ನು ನೋಡಲು ಸಾಗರದಿಂದ ಹುಡುಗ ಬಂದಾಗ ಮನೆಮಂದಿಯೆಲ್ಲ ಅವನ ಓದು, ಕೆಲಸ, ಗೋತ್ರ ವಿಚಾರಿಸುತ್ತಿದ್ದರೆ, ಮಾವ ಮೆಲ್ಲಗೆ ಅವನ ಬೆನ್ನ ಹಿಂದೆ ಹೋಗಿ ನಿಂತು, "ತಲೆ ಚೆನ್ನಾಗುಂಟು. ಪೇಟ ಸರಿಯಾಗಿ ಕೂರ್ತದೆ" ಎಂದು ತೀರ್ಪು ಕೊಟ್ಟರು. ಆ ತಲೆಯೊಳಗೆ ಏನಿದೆ ಎಂದೂ ಆಗಲೇ ಹೇಳಿದ್ದರೆ! ಹೋಗಲಿ ಬಿಡಿ, ಈಗ ಆಡಿ ಪ್ರಯೋಜನವಿಲ್ಲ.

ಊರಿಗೆ ಟೋಪಿ ಹಾಕುವವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಪೇಟ ಇಡುವವರನ್ನು ನೋಡಿದ್ದೀರಾ? ತೀರ್ಥಹಳ್ಳಿಯಲ್ಲಿ ಮಾವನದೊಂದು ಸೇವಾ ಕ್ಲಬ್ಬು. ಪ್ರತಿ ಗುರುವಾರ ಸಂಜೆ ಸಭೆ. ಅಧ್ಯಕ್ಷರು ಗಂಟೆ ಬಾರಿಸಬೇಕು, ಕಾರ್ಯದರ್ಶಿಗಳು ವಾರದ ವರದಿ ಓದಬೇಕು. ಕಣ್ಣಿನ ಶಿಬಿರ ನಡೆಯಿತು, ಗಿಡ ನೆಟ್ಟೆವು, ಕಳೆದ ವಾರ ನೆಟ್ಟ ಗಿಡವನ್ನು ದನ ತಿಂದಿತು, ಇತ್ಯಾದಿ. ಕೊನೆಯಲ್ಲಿ ಒಬ್ಬರಿಗೆ ಸನ್ಮಾನ. ಮಳೆಯಲ್ಲಿ ಕಂಬ ಹತ್ತಿ ಕರೆಂಟು ಕೊಟ್ಟ ಲೈನ್‌ಮನ್, ನಿವೃತ್ತಿಯಾದ ನರ್ಸಮ್ಮ, ಹೀಗೆ. ಶಾಲು, ಹಾರ, ಹಣ್ಣಿನ ಬುಟ್ಟಿ ಅವರಿಗೇ. ಆದರೆ ಜರಿಯಂಚಿನ ಮೈಸೂರು ಪೇಟ ಕ್ಲಬ್ಬಿನದು. ಇದ್ದದ್ದು ಒಂದೇ. ಫೋಟೋ ತೆಗೆದ ಮರುಕ್ಷಣ ಅದು ತಲೆಯಿಂದಿಳಿದು, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಳಗೆ ನುಸಿಗುಳಿಗೆಗಳ ಜೊತೆ ಮಲಗಬೇಕು. ಆ ಡಬ್ಬಿಯ ಆಜೀವ ಪಾಲಕರು ನಮ್ಮ ಮಾವ. ಕಾಲೇಜು ಓದಲು ನಾನು ಅವರ ಮನೆಯಲ್ಲಿದ್ದುದರಿಂದ, ಸ್ಕೂಟರಿನ ಹಿಂದೆ ಆ ಡಬ್ಬಿಯನ್ನು ತಬ್ಬಿಕೊಂಡು ಕೂರುವ ಭಾಗ್ಯ ನನ್ನದು. ಸಭೆಯ ಉಪ್ಪಿಟ್ಟಿನ ಆಸೆಗೆ ನಾನೂ ತಪ್ಪಿಸುತ್ತಿರಲಿಲ್ಲ ಎನ್ನಿ.

ಒಂದೇ ಪೇಟ ಎಲ್ಲ ತಲೆಗೂ ಆಗುತ್ತದೆಯೇ? ಸಣ್ಣ ತಲೆಯವರು ಬಂದರೆ ಮಾವ ಪತ್ರಿಕೆಯ ಹಾಳೆ ಮಡಚಿ ಒಳಗೆ ಸೇರಿಸುತ್ತಿದ್ದರು. ಒಮ್ಮೆ ಸೆಕೆಗೆ ಬೆವರಿದ್ದ ಬೊಕ್ಕತಲೆಯ ಅತಿಥಿಯೊಬ್ಬರ ಪೇಟ ತೆಗೆದರೆ ಕಾಗದ ತಲೆಯಲ್ಲೇ ಅಂಟಿಕೊಂಡು ನಿಂತಿತು. ಅದರಲ್ಲಿ ಆ ದಿನದ ಅಡಿಕೆ ಧಾರಣೆ! ಮುಂದಿನ ಸಾಲಿನಲ್ಲಿದ್ದ ತೋಟದವರೊಬ್ಬರು ಎದ್ದು ಬಂದು, "ಸ್ವಲ್ಪ ತಲೆ ಬಗ್ಗಿಸಿ ಮಾರಾಯ್ರೆ, ರಾಶಿ ಅಡಿಕೆಗೆ ಎಷ್ಟಾಗಿದೆ ನೋಡ್ತೀನಿ" ಎಂದರು. ಅಂದಿನ ವಂದನಾರ್ಪಣೆ ಯಾರಿಗೂ ಕೇಳಿಸಲಿಲ್ಲ.

ಇನ್ನೊಮ್ಮೆ ಹೊಸನಗರದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿಗೆ ಸನ್ಮಾನವಾಯಿತು. ಕಾಡುದಾರಿಯಲ್ಲಿ ನಡೆದು ನಡೆದು ಮನಿಯಾರ್ಡರು ಮುಟ್ಟಿಸಿದ ಮನುಷ್ಯ. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ಬಂತು. ಮಾವನ ಗಮನ ಅತ್ತ ಹೋಯಿತು. ತಿರುಗಿ ನೋಡಿದರೆ ಸನ್ಮಾನಿತರು ಪೇಟ ಸಮೇತ ಮಾಯ! ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ಹೊಸನಗರದ ಬಸ್ಸಿನ ಕಿಟಕಿ ಪಕ್ಕ ಪೇಟ ಧರಿಸಿ, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಈ ವಯಸ್ಸಿನ ಮದುಮಗನ ದಿಬ್ಬಣ ಎಲ್ಲಿ ತಪ್ಪಿಸಿಕೊಂಡಿತೋ ಎಂದು ಕಂಡಕ್ಟರ್ ಹಿಂದೆ ಮುಂದೆ ನೋಡುತ್ತಿದ್ದ.

"ಪೇಟ ಕೊಡಿ!" ಎಂದರು ಮಾವ ಏದುಸಿರು ಬಿಡುತ್ತಾ.

"ನಮ್ಮನೆಯವಳಿಗೆ ಒಂದ್ಸಲ ತೋರ್ಸಿ ನಾಳೆ ಬಸ್ಸಲ್ಲೇ ಕಳಿಸ್ತೀನಿ. ಅವ್ಳಿಗೆ ಹಾಸಿಗೆ ಬಿಟ್ಟು ಏಳಕ್ಕಾಗಲ್ಲ."

"ಫೋಟೋ ಕಳಿಸ್ತೀವಲ್ಲ!" ಎನ್ನುತ್ತಾ ಮಾವ ಕಿಟಕಿಯಿಂದಲೇ ಕೈಹಾಕಿ ಪೇಟ ತೆಗೆದುಕೊಂಡರು. ಬಸ್ಸು ಹೊರಟಿತು. ಪೋಸ್ಟ್‌ಮ್ಯಾನ್ ತಮ್ಮ ಬರಿದಾದ ತಲೆಯನ್ನು ಒಮ್ಮೆ ಸವರಿಕೊಂಡರು.

ಮನೆಗೆ ಬಂದು ಮಾವ ಇದನ್ನು ಯುದ್ಧ ಗೆದ್ದವರ ಹಾಗೆ ವರ್ಣಿಸಿದರು. ಅತ್ತೆ ನಗಲಿಲ್ಲ. "ಪಾಪ, ಒಂದಿನ ಇಟ್ಕೊಂಡಿದ್ರೆ ಎಂತ ಆಗ್ತಿತ್ತು?"

"ರೂಲ್ಸ್ ಅಂದ್ರೆ ರೂಲ್ಸ್!"

ಅವರು ಆಚೆ ಹೋದ ಮೇಲೆ ಅತ್ತೆ ನನ್ನೊಡನೆ ಹೇಳಿದರು: "ಊರಿಗೆಲ್ಲ ಪೇಟ ಇಡ್ತಾರೆ. ಇವರ ತಲೆ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ ನೋಡು. ಸನ್ಮಾನದ ಪೇಟ ಹಾಕಿದ್ದನ್ನ ಒಂದ್ಸಲ ನೋಡ್ಬೇಕು ಅಂತ ಆಸೆ ನಂಗೆ." ಮಂಡಿನೋವಿನಿಂದ ಅವರು ಸಭೆಗೆ ಬರುತ್ತಿರಲಿಲ್ಲ. ಆದರೆ ಪೇಟವನ್ನು ಬಿಸಿಲಿಗಿಟ್ಟು, ಜರಿ ಒರೆಸಿ, ಬಿಚ್ಚಿದ ಹೊಲಿಗೆ ಹಾಕುತ್ತಿದ್ದವರು ಅವರೇ. ನಾನು ಹೋಗಿ ಅಧ್ಯಕ್ಷರ ಕಿವಿಗೆ ಹಾಕಿದೆ. "ಹೌದಲ್ಲ ಮಾರಾಯ್ತಿ, ನಮಗೆ ಹೊಳೀಲೇ ಇಲ್ಲ!" ಎಂದರು. ಮಾವನಿಗೆ ತಿಳಿಯದ ಹಾಗೆ ಮಾವನಿಗೇ ಸನ್ಮಾನ ಎಂದು ತೀರ್ಮಾನವಾಯಿತು.

ಆದರೆ ಪೇಟ ಇರುವುದು ಮಾವನ ಹತ್ತಿರವೇ! ಗುಟ್ಟು ಮಾಡುವುದು ಹೇಗೆ?

"ಈ ಗುರುವಾರ ಯಾರು?" ಎಂದು ಮಾವ ಕೇಳಿದರು.

"ದೊಡ್ಡ ಮನುಷ್ಯರು, ಹೆಸರು ಆಮೇಲೆ ಹೇಳ್ತೀವಿ" ಎಂದರು ಅಧ್ಯಕ್ಷರು.

"ಹೆಸರು ಯಾರಿಗೆ ಬೇಕು? ತಲೆ ಎಷ್ಟು ದೊಡ್ಡದು?"

"ಹೆಚ್ಚು ಕಮ್ಮಿ ನಿಮ್ಮಷ್ಟೇ."

ಸರಿ! ಆ ವಾರವಿಡೀ ಮಾವ ಕನ್ನಡಿಯ ಮುಂದೆ ಪೇಟ ಹಾಕಿಕೊಂಡು, ತೆಗೆದು, ಒಳಗಿನ ಕಾಗದ ತಿದ್ದಿ, ಮತ್ತೆ ಹಾಕಿಕೊಂಡು ಅಳತೆ ನೋಡಿದ್ದೇ ನೋಡಿದ್ದು. ನನಗೆ ನಗು ತಡೆಯುವುದೇ ಕೆಲಸವಾಯಿತು.

ಗುರುವಾರ ಮಾವನ ಹೆಸರನ್ನೇ ಕರೆದರು. ಹೆಸರಿಗೆ ಎಂದೂ ಕಿವಿಗೊಡದ ಮಾವ ಎಂದಿನಂತೆ ತಟ್ಟೆಯಲ್ಲಿ ಪೇಟ ಹಿಡಿದು ವೇದಿಕೆಗೆ ಹೋಗಿ, ಅತಿಥಿಗಾಗಿ ಬಾಗಿಲ ಕಡೆ ನೋಡುತ್ತಾ ನಿಂತರು. "ಎಲ್ಲಿ, ಇನ್ನೂ ಬಂದಿಲ್ವಾ?" ಅಧ್ಯಕ್ಷರು ಪೇಟವನ್ನೆತ್ತಿ ಅವರ ತಲೆಗಿಟ್ಟರು. ಅಷ್ಟು ಸರಿಯಾಗಿ ಅದು ಯಾರ ತಲೆಗೂ ಕೂತಿರಲಿಲ್ಲ. ಚಪ್ಪಾಳೆ ಬಿದ್ದಿತು, ಕ್ಯಾಮೆರಾ ಮಿಂಚಿತು. ಮಿಂಚಿದ್ದೇ ತಡ, ಅಭ್ಯಾಸಬಲ, ಮಾವನ ಕೈಗಳೆರಡೂ ಪೇಟ ತೆಗೆಯಲು ಮೇಲೆದ್ದವು. ಎದ್ದ ಕೈ ಅಲ್ಲೇ ನಿಂತಿತು.

"ಇದೊಂದ್ಸಲ ಮನೆ ತನಕ ಹಾಕ್ಕೊಂಡು ಹೋಗ್ಲಾ? ಅವಳಿಗೆ ತೋರಿಸ್ಬೇಕಿತ್ತು" ಎಂದರು, ಚಿಕ್ಕ ಹುಡುಗನ ಹಾಗೆ.

ಹೆಲ್ಮೆಟ್ಟು ನನ್ನ ತಲೆಗೆ, ಪೇಟ ಅವರ ತಲೆಗೆ. ಪೇಟ ಹಾರದಿರಲೆಂದು ಸ್ಕೂಟರು ಎತ್ತಿನಗಾಡಿಯ ವೇಗದಲ್ಲಿ ಸಾಗಿತು. ಬಾಗಿಲು ತೆರೆದ ಅತ್ತೆ, "ಯಾರು ಬೇಕಾಗಿತ್ತು?" ಎಂದು ಗಂಭೀರವಾಗಿ ಕೇಳಿ, ಬಾಗಿಲಿಗೊರಗಿ ನಕ್ಕರು. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ನೆಟ್ಟಗೇ ಇದ್ದ ಪೇಟವನ್ನು ಸುಮ್ಮನೆ ನೆಟ್ಟಗೆ ಮಾಡಿದರು. ಮಾವ ಕದಲದೆ ನಿಂತಿದ್ದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಮಾವ ಡಬ್ಬಿ ಹಿಡಿದು ಹೊರಟರು. ಎಲ್ಲಿಗೆ ಎಂದರೆ, "ಹೊಸನಗರಕ್ಕೆ. ಪೋಸ್ಟ್‌ಮ್ಯಾನ್ ಮನೇಲಿ ಸ್ವಲ್ಪ ಕೆಲ್ಸ ಉಂಟು" ಎಂದರು. ಸಂಜೆ ಬಂದವರು ಬರಿಗೈಯಲ್ಲಿದ್ದರು. "ಎರಡು ದಿನ ಅಲ್ಲೇ ಇರ್ಲಿ" ಎಂದಷ್ಟೇ ಹೇಳಿದರು.

ಈಗ ಕ್ಲಬ್ಬಿನಲ್ಲಿ ಹೊಸಬರು ಬಂದಿದ್ದಾರೆ. ಅಕ್ರಿಲಿಕ್ ಫಲಕ ಕೊಡುತ್ತಾರೆ, ಸಭೆಯ ಸುದ್ದಿ ವಾಟ್ಸಾಪಿನಲ್ಲೇ ಬರುತ್ತದೆ. ಆದರೂ ಪೇಟ ಉಳಿದಿದೆ. ಜರಿ ಮಾಸಿದೆ, ಹೊಲಿಗೆ ಬಿಚ್ಚಿದರೆ ಮಾವನೇ ಕನ್ನಡಕ ಏರಿಸಿ ಹಾಕುತ್ತಾರೆ. ಅತ್ತೆ ಹೋದ ಮೇಲೆ ಆ ಕೆಲಸಕ್ಕೆ ಬೇರೆ ಯಾರೂ ಇಲ್ಲ.

ಮೊನ್ನೆ ಊರಿಗೆ ಹೋದಾಗ ಸಭೆಗೂ ಹೋಗಿದ್ದೆ. ಅಂಗನವಾಡಿಯ ಆಯಾ ಒಬ್ಬರಿಗೆ ಸನ್ಮಾನ. ಫೋಟೋ ಆದ ಮೇಲೆ ಅವರು ಪೇಟ ತೆಗೆಯಹೋದರು. ಮಾವ ತಡೆದರು. ತಲೆಯನ್ನಲ್ಲ, ಮೊದಲ ಬಾರಿಗೆ ಒಬ್ಬರ ಮುಖವನ್ನು ಮಾವ ನೋಡುವುದನ್ನು ನಾನು ನೋಡಿದೆ.

"ಮನೇಲಿ ಯಾರಿದ್ದಾರಮ್ಮ?"

"ಅವ್ವ ಇದ್ದಾಳ್ರೀ."

"ಹಾಗಾದ್ರೆ ಹಾಕ್ಕೊಂಡೇ ಹೋಗಿ. ಇರುವಾಗ್ಲೇ ತೋರಿಸ್ಬೇಕು" ಎಂದು ಖಾಲಿ ಡಬ್ಬಿಯನ್ನೂ ಅವರ ಕೈಗೆ ಕೊಟ್ಟರು.