ನಾನು ಹೊಕ್ಕ ಮನೆಯಲ್ಲಿ ಕಾಯಿಲೆ ಇಲ್ಲ

ಸ್ವಲ್ಪ ಹತ್ತಿರ ಬನ್ನಿ, ಮೆಲ್ಲ ಹೇಳ್ತೇನೆ. ಇದು ನಿಮ್ಮಲ್ಲೇ ಇರಲಿ. ಕಾಪು ಪೇಟೆಗೆ ಸುದ್ದಿ ಮುಟ್ಟಿದರೆ ಮುಟ್ಟಿಸಿದ್ದು ನೀವೇ ಎಂದು ನನಗೆ ಗೊತ್ತಾಗ್ತದೆ. ಯಾಕೆಂದರೆ ನಾನು ಬೇರೆ ಯಾರಿಗೂ ಹೇಳಲಿಲ್ಲ, ಮೀನಿನವಳೊಬ್ಬಳನ್ನು ಬಿಟ್ಟು. ನಾನು ಶಾಲೆ ಕಂಡದ್ದು ಎರಡನೇ ಕ್ಲಾಸಿನವರೆಗೆ. ಆದರೂ ದೊಡ್ಡ ಓದಿನವರ ಸಂಗತಿಗಳು ತಾವಾಗಿಯೇ ನನ್ನ ಜಗಲಿಗೆ ಬಂದು ಕೂರ್ತವೆ, ಎಂತ ಮಾಡುವುದು?

ಮೊಬೈಲು ಇನ್ನೂ ಎಲ್ಲರ ಕೈಗೆ ಬಾರದ ಕಾಲ. ನಮ್ಮ ಬದಿಯ ಕೋಣೆಗೆ ಒಂದು ಹುಡುಗಿ ಬಾಡಿಗೆಗೆ ಬಂತು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಆದಿ ಉಡುಪಿಯಲ್ಲಿ ಗಾರೆ ಕೆಲಸ ಮಾಡುವವ. ಮಗಳು ಮಣಿಪಾಲದಲ್ಲಿ ಕಾಯಿಲೆಗಳ ಲೆಕ್ಕ ಕಲಿಯುವವಳು. ಬಯೋಸ್ಟ್ಯಾಟಿಸ್ಟಿಕ್ಸ್ ಅಂತೆ. ಆ ಹೆಸರು ಹೇಳುವಾಗ ನನ್ನ ಕಟ್ಟಿಸಿದ ಹಲ್ಲು ಅಲುಗಾಡ್ತದೆ. ನಮ್ಮ ಓಣಿಯ ಮನೆಗಳಿಗೆ ಹೋಗಿ ಯಾರಿಗೆ ಬಿಪಿ, ಯಾರಿಗೆ ಸಕ್ಕರೆ ಎಂದು ಕೇಳಿ ಲೆಕ್ಕ ಕೊಟ್ಟರೆ ಪಾಸು. ಇಲ್ಲದಿದ್ದರೆ ವರ್ಷವೇ ಹೋಯಿತು.

ಮರಳಿನ ಗುಡ್ಡೆ

ಒಂದು ಸಂಜೆ ಇಬ್ಬರೂ ಕಡಲ ಬದಿಗೆ ಹೋಗಿದ್ದೆವು. ಹೊಂಬಣ್ಣದ ಬೆಳಕು, ದೀಪಸ್ತಂಭ ನೀರಿನಲ್ಲಿ ತೇಲಿದ ಹಾಗೆ. ಹುಡುಗಿ ತೆಂಗಿನ ಕಡ್ಡಿಯಿಂದ ಮರಳಿನಲ್ಲಿ ಒಂದು ಗುಡ್ಡೆ ಗೀರಿ, ಅದನ್ನೇ ನೋಡುತ್ತಾ ಕೂತಳು. ಪ್ರೀತಿ-ಗೀತಿ ಎಂತದೋ ಉಂಟೆಂದು ನನಗೆ ಖುಷಿಯಾಯಿತು.

"ಯಾರ ಊರಿನ ಗುಡ್ಡೆ ಮಗಾ ಅದು?"

"ಗುಡ್ಡ ಅಲ್ರಿ ಅಜ್ಜಿ, ಮಂದಿ. ಎತ್ತರ ನೋಡಿದ್ರ ಬಾಳ ಮಂದಿ ನಡುವ ಇರ್ತಾರ. ಅಂಚಿನ್ಯಾಗ ಒಬ್ರೋ ಇಬ್ರೋ."

"ಹಾಗಾದರೆ ನಾನೆಲ್ಲಿ?"

"ಎತ್ತರದಾಗ ನೀವು ನಟ್ಟನಡುವ ಅದೀರಿ."

"ಮಾತಿನಲ್ಲಿ?"

ಹುಡುಗಿ ಎದ್ದು, ಗುಡ್ಡೆ ದಾಟಿ, ಇನ್ನೂ ನಡೆದು, ಅಲ್ಲೆಲ್ಲೋ ಒಂದು ಚುಕ್ಕಿ ಇಟ್ಟಳು. ಮರುಕ್ಷಣವೇ ತೆರೆ ಬಂದು ನನ್ನನ್ನು ಒಯ್ದಿತು.

ಚೀಟಿಯ ದೇವರು

ಎಲ್ಲ ಮನೆಗೂ ಹೋಗಲಿಕ್ಕಿಲ್ಲವಂತೆ. ಚೀಟಿ ಎತ್ತಿ, ಬಂದ ಮನೆಗೆ ಮಾತ್ರ. ನಮ್ಮ ಓಣಿಯಲ್ಲಿ ಮಸ್ಕತ್‌ನಲ್ಲಿ ದುಡಿಯುವವನ ಹೆಂಡತಿ ಹೊಸ ಟೈಲ್ಸ್ ತೊಳೆಸಿ, ನೀರುದೋಸೆ ಹೊಯ್ದು, ಪಟ್ಟೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಮನೆಯ ಚೀಟಿ ಬರಲಿಲ್ಲ. ಸೋಗೆ ಹೊದಿಸಿದ ಮಾಡಿನ, ಬೀಡಿ ಕಟ್ಟುವವಳ ಮನೆಯದ್ದು ಬಂತು.

"ನಮಗೆ ಕಾಯಿಲೆ ಬರಬಾರದಾ? ನಾವು ಕಾಯಿಲೆಗಿಂತ ಕೀಳಾ?" ಎಂದು ಮಸ್ಕತ್‌ನವಳು ನನ್ನೆದುರು ಮೂಗು ಒರೆಸಿದಳು.

ನಾನು ಹುಡುಗಿಗೆ ಶಿಫಾರಸು ಮಾಡಿ ನೋಡಿದೆ. "ಚೀಟಿ ಯಾರ ಮಾತೂ ಕೇಳಂಗಿಲ್ರಿ" ಎಂದಳು. ಹರಕೆ ಹೊತ್ತರೆ ದೇವರಾದರೂ ಒಲಿಯುತ್ತಾನೆ ಮಾರಾಯ್ರೇ, ಇವಳ ಚೀಟಿ ನೀರುದೋಸೆಗೂ ಒಲಿಯಲಿಲ್ಲ.

ಕಾರ್ಕಳದ ಬಸ್ಸು

ಇದನ್ನಂತೂ ಯಾರಿಗೂ ಹೇಳಬೇಡಿ. ನಮ್ಮ ಆಚೆಮನೆಯ ಬಾಯಮ್ಮ, ಗಂಡ ತೀರಿ ವರ್ಷಗಳಾದವಳು, ಕೊಂಕಣಿಯಲ್ಲಿ ಯೇಸುವಿನ ಜಪ ಮಾಡುತ್ತಾ ಮೆತ್ತಗೆ ಇರುವವಳು. ನಾನು ತಂಗಿಯ ಮನೆಗೆಂದು ಬೆಳ್ಮಣ್‌ಗೆ ಹೋದಾಗಲೆಲ್ಲ ಅದೇ ಬಸ್ಸಿನಲ್ಲಿ ಕಾಣ್ತಾಳೆ, ಮುಖಕ್ಕೆ ಪೌಡರು, ಮದುವೆಗೆ ಉಡುವ ಸೀರೆ. ನಾನು ಇಳಿದರೂ ಅವಳು ಇಳಿಯುವುದಿಲ್ಲ.

"ಎಲ್ಲಿಗೆ ಬಾಯಮ್ಮಾ?"

"ಕಾರ್ಕಳಕ್ಕೆ. ಇಗರ್ಜಿಗೆ."

"ಕಾಪುವಿನ ದೇವರು ಮುನಿದದ್ದಾ?"

ಅವಳು ಕಿಟಕಿಯಾಚೆ ಗದ್ದೆ ನೋಡಿದಳು. ನಾನು ಓಣಿಯಲ್ಲಿ ಎಂತದೂ ಹೇಳಲಿಲ್ಲ. "ಕಾರ್ಕಳ" ಎಂದು ಸುಮ್ಮನೆ ನಕ್ಕೆ, ಅಷ್ಟೆ. ಸಂಜೆಯೊಳಗೆ ಓಣಿಯವರ ಬಾಯಲ್ಲಿ ಕಾರ್ಕಳದಲ್ಲಿ ಅವಳಿಗೊಬ್ಬ ಗಂಡಸು ಹುಟ್ಟಿ, ಅವನಿಗೆ ಮೀಸೆ ಕೂಡ ಬಂದಿತ್ತು.

ಸ್ವರ್ಗದಂಥ ಓಣಿ

ಪರವೂರಿನ ಹುಡುಗಿಗೆ ಯಾರು ಬಾಗಿಲು ತೆಗೀತಾರೆ? ಹಾಗೆಂದು ನಾನೇ ಜೊತೆಗೆ ಹೊರಟೆ. ಚೀಟಿ ಬಂದ ಮನೆ ಮನೆಯಲ್ಲೂ ಕುರ್ಚಿ ಎಳೆದು ಅವಳ ಪಕ್ಕದಲ್ಲೇ ಕೂತೆ. ಬಿಪಿ? ಇಲ್ಲ. ಸಕ್ಕರೆ? ಇಲ್ಲ. ಬಾಯಮ್ಮ ನನ್ನ ಮುಖ ನೋಡಿ, "ನನಗೆಂತದು? ಕಗ್ಗಲ್ಲಿನ ಹಾಗೆ ಇದ್ದೇನೆ" ಎಂದಳು. ನಮ್ಮ ಓಣಿಯ ಗಾಳಿಯೇ ಅಂಥದ್ದು ಎಂದು ನನಗೆ ಹೆಮ್ಮೆ.

ಮಣಿಪಾಲದಿಂದ ಹುಡುಗಿ ಅಳುತ್ತಾ ಬಂದಳು. "ಇಂಥ ಓಣಿ ಸ್ವರ್ಗದಲ್ಲಿ ಮಾತ್ರ ಇರುವುದು. ಕೋಣೆಯಲ್ಲಿ ಕೂತು ಬರೆದೆಯಾ?" ಎಂದು ಮೇಷ್ಟ್ರು ಕೇಳಿದರಂತೆ. ಇನ್ನೊಮ್ಮೆ ಕೇಳಿ ಬಾ, ಇಲ್ಲದಿದ್ದರೆ ಪಾಸಿಲ್ಲ ಎಂದರಂತೆ.

ಮರುದಿನ ಊಟವಾದ ಮೇಲೆ ನಾನು ಚಪ್ಪಲಿ ಹಾಕಿದೆ. ಹುಡುಗಿ ನನ್ನ ಕೈ ಹಿಡಿದು, "ಅಜ್ಜಿ, ಇವತ್ತು ನೀವು ಮಲಕೋರಿ. ದಣದೀರಿ" ಎಂದಳು. ಎಷ್ಟು ಒಳ್ಳೆ ಮನಸ್ಸು ಎಂದುಕೊಂಡು ಜಗಲಿಯಲ್ಲಿ ಒರಗಿದೆ. ಕಡಲ ಗಾಳಿಗೆ ಕಣ್ಣು ಕೂಡಿತು. ಕನಸಿನಲ್ಲಿ ಆ ಮರಳಿನ ಗುಡ್ಡೆ ಎದ್ದು ಬಂತು. ಓಣಿಯ ಹೆಂಗಸರೆಲ್ಲ ಅದರ ಮೇಲೆ ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಎಂತದೋ ಹೇಳ್ತಿದ್ದಾರೆ. ನಾನು ದೂರ, ನೀರಿನ ಅಂಚಿನಲ್ಲಿ. ತುಟಿ ಆಡುವುದು ಕಾಣ್ತದೆ, ಮಾತು ಕೇಳುವುದಿಲ್ಲ. ಅಂಥ ಕನಸು ಶತ್ರುವಿಗೂ ಬೇಡ.

ಎದ್ದಾಗ ಹುಡುಗಿ ನಗುತ್ತಾ ಮೆಟ್ಟಿಲು ಹತ್ತುತ್ತಿದ್ದಳು. ಒಂದೇ ಮಧ್ಯಾಹ್ನದಲ್ಲಿ ಓಣಿಗೆ ಓಣಿಯೇ ಕಾಯಿಲೆ ಬಿದ್ದಿತ್ತು. ಮೇಷ್ಟ್ರು ಒಪ್ಪಿದರು, ಅವಳು ಪಾಸಾದಳು, ಅಪ್ಪ ಬಂದು ಬಾಳೆಗೊನೆ ಕೊಟ್ಟು ಹೋದ.

ನನಗೆ ಮಾತ್ರ ಸಮಾಧಾನವಿಲ್ಲ. ನೇರ ಬಾಯಮ್ಮನ ಅಂಗಳಕ್ಕೆ ಹೋಗಿ, "ನನ್ನೆದುರು ಕಗ್ಗಲ್ಲು, ಅವಳೆದುರು ರೋಗಿಯಾ? ಬಡ ಹುಡುಗಿಗೆ ಸುಳ್ಳು ಹೇಳಲಿಕ್ಕೆ ನಾಚಿಕೆಯಾಗುವುದಿಲ್ಲವಾ?" ಎಂದು ಕೇಳಿದೆ.

ಬಾಯಮ್ಮ ಬಟ್ಟೆ ಒಣಗಿಸುವುದನ್ನು ನಿಲ್ಲಿಸಲಿಲ್ಲ.

"ಅಕ್ಕಾ, ನಾನು ಕಾರ್ಕಳಕ್ಕೆ ಹೋಗುವುದು ಬಿಪಿಯ ಮಾತ್ರೆಗೆ. ಇಲ್ಲಿ ತೆಗೆದುಕೊಂಡರೆ ಸಂಜೆಯೊಳಗೆ ನೀವು ನನ್ನನ್ನು ಹೂಳಿ ಬರ್ತೀರಿ. ನೀವು ಬಂದು ಕೂತರೆ ಈ ಓಣಿಯಲ್ಲಿ ಯಾರಿಗೂ ಕಾಯಿಲೆ ಇರುವುದಿಲ್ಲ. ನಿಮ್ಮನ್ನು ಆಸ್ಪತ್ರೆಯಲ್ಲಿ ಒಂದು ದಿನ ಕೂರಿಸಿದರೆ ಸಾಕು, ವಾರ್ಡುಗಳೆಲ್ಲ ಖಾಲಿ."