ದಕ್ಷಿಣೆಯಿಲ್ಲದ ಪೂಜೆ

ರಘೋತ್ತಮನ ತಾಪತ್ರಯಕ್ಕೆಲ್ಲ ಮೂಲ ಅವನ ಬಚ್ಚಲುಮನೆಯ ಫ್ಯಾನು. ಅಮೆರಿಕದ ಸ್ಯಾನ್ ಮಟೇಯೊದ ಆ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಗೂ ಮೇಲಿನ ಮನೆಗೂ ಗಾಳಿ ಹೋಗುವ ಕೊಳವೆ ಒಂದೇ. ಸ್ನಾನ ಮಾಡುತ್ತ ಅವನು ಹೇಳಿಕೊಳ್ಳುತ್ತಿದ್ದ ಪುರುಷಸೂಕ್ತ ಅದರೊಳಗೆ ಹತ್ತಿ, ಮೇಲಿನ ಮನೆಯ ಜಲಜಾ ಅವರ ಬಚ್ಚಲಲ್ಲಿ ಸ್ವರಸಮೇತ ಇಳಿಯುತ್ತಿತ್ತು. ಮೈಸೂರಿನಲ್ಲಿ ಅಪ್ಪ ಕಿವಿ ಹಿಂಡಿ ಕಲಿಸಿದ್ದು. ಬೆನ್ನಿಗೆ ಬಿಸಿನೀರು ಬಿದ್ದರೆ ಈಗಲೂ ತಾನಾಗಿ ಬಾಯಿಗೆ ಬರುತ್ತಿತ್ತು. ಜಲಜಾ ಅವರೋ ಕನ್ನಡ ಕೂಟದ ಕಾರ್ಯದರ್ಶಿ. ಅವರ ಕಿವಿಗೆ ಬಿದ್ದದ್ದು ಉಪಯೋಗಕ್ಕೆ ಬಾರದೆ ಹೋದ ಉದಾಹರಣೆ ಇಡೀ ಬೇ ಏರಿಯಾದಲ್ಲಿ ಒಂದೂ ಇಲ್ಲ.

ರಘೋತ್ತಮನಿಗೆ ಐವತ್ತು ದಾಟಿತ್ತು. ಅರ್ಧ ಆಯುಸ್ಸು ಸವೆಸಿದ ಚಿಪ್ ಕಂಪನಿ ಒಂದು ಬೆಳಿಗ್ಗೆ ಈಮೇಲಿನಲ್ಲೇ ಬೀಳ್ಕೊಟ್ಟಿತು. ಆಮೇಲೆ ಎಲ್ಲೂ ಕೆಲಸ ಹುಟ್ಟಲಿಲ್ಲ. ಕಡೆಗೆ ಬೆಟ್ಟದ ಮೇಲಿನ ಕಾಲೇಜಿನಲ್ಲಿ, ಉಸಿರಾಟದ ತೊಂದರೆಯವರಿಗೆ ಚಿಕಿತ್ಸೆ ಕೊಡುವ ಕೋರ್ಸಿಗೆ ಸೇರಿಕೊಂಡ. ಮೊದಲ ದಿನ ಕ್ಲಾಸಿಗೆ ಹೋದಾಗ ಮೇಷ್ಟ್ರು ಬಂದರೆಂದು ಹುಡುಗರೆಲ್ಲ ಮಾತು ನಿಲ್ಲಿಸಿದ್ದರು. ಇವನು ಹಿಂದಿನ ಬೆಂಚಿನಲ್ಲಿ ಕೂತ ಮೇಲೆ ಮತ್ತೆ ಶುರು ಮಾಡಿದರು.

ತಡವಾಗಿ ಓದಲು ಬಂದವರಿಗೆಂದು ಕಾಲೇಜು ಒಂದು ಗ್ರಾಂಟು ಕೊಡುತ್ತಿತ್ತು. ಫೀಸು, ಪುಸ್ತಕ ಎಲ್ಲ ಅದರಲ್ಲೇ ನಡೆಯಬೇಕು. ಕಾಲೇಜಿನ ಲೈಬ್ರರಿಯಲ್ಲೇ ಸಂಜೆ ಪಾರ್ಟ್ ಟೈಮ್ ಕೆಲಸ ಮಾಡಿಕೊಳ್ಳಬಹುದು. ಆದರೆ ಹೊರಗಿನ ಸಂಪಾದನೆ ಕಂಡರೆ ಗ್ರಾಂಟು ಅಲ್ಲಿಗೇ ನಿಂತಿತು. ಹೆಂಡತಿ ಹಂಸಾಳಿಗೆ ಡೇಕೇರಿನಲ್ಲಿ ಬರುವ ಸಂಬಳ ಬಾಡಿಗೆಯ ಬಾಯಿಗೇ ಸಾಲದು. ಗ್ರಾಂಟು ಹೋದರೆ ಓದು ಹೋಯಿತು, ಓದು ಹೋದರೆ ಮುಂದೇನು ಎಂದು ಯೋಚಿಸಲೂ ಅವನಿಗೆ ಶಕ್ತಿಯಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಗ್ರಾಂಟಿನ ಆಫೀಸಿನಲ್ಲಿ ಅವನ ವರ್ಷದ ವಿಚಾರಣೆ. ಹಿಂದಿನ ದಿನ ಲೈಬ್ರರಿ ಮುಗಿಸಿ ಬಂದು ಶ್ವಾಸಕೋಶದ ಪಾಠ ಓದಿ ಮಲಗಿದವನಿಗೆ ಬೆಳಿಗ್ಗೆ ಬಾಗಿಲು ಬಡಿಯುವ ಶಬ್ದ ಕೇಳಿತು. ಜಲಜಾ ರೇಷ್ಮೆ ಸೀರೆಯಲ್ಲಿ ನಿಂತಿದ್ದರು.

"ರಘೋತ್ತಮ್ ಅವ್ರೆ, ಬೇಗ ಹೊರಡಿ. ಫಾಸ್ಟರ್ ಸಿಟಿಯಲ್ಲಿ ನಮ್ಮ ನಾಗಾರ್ಜುನನ ಗೃಹಪ್ರವೇಶ. ಪೂಜೆ ಮಾಡಿಸೋ ಆಚಾರ್ರು ಗಿಲ್‌ರಾಯ್‌ನಿಂದ ಬರಬೇಕಿತ್ತು. ಫ್ರೀವೇಲಿ ಬೆಳ್ಳುಳ್ಳಿ ಲಾರಿ ಮಗುಚಿದೆಯಂತೆ. ಬೆಳ್ಳುಳ್ಳಿ ಮುಟ್ಟದೇ ಇರೋ ಮನುಷ್ಯ, ಅದರ ಮಧ್ಯೆ ಸಿಕ್ಕಿಹಾಕ್ಕೊಂಡು ಕೂತಿದಾರೆ ಪಾಪ."

"ನಾನು ಪುರೋಹಿತ ಅಲ್ಲ ಜಲಜಾ ಅವ್ರೆ, ಸ್ಟೂಡೆಂಟು."

"ನಂಗೆ ಗೊತ್ತಿಲ್ವಾ? ದಿನಾ ಕೇಳ್ತೀನಿ. ಸೋಪು ಹಚ್ಚೋವಾಗಲೂ ಒಂದಕ್ಷರ ತಪ್ಪಲ್ಲ ನೀವು."

ಅವನು ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ಡೇಕೇರಿನ ಕೆಲಸ ಕೊಡಿಸಿದ್ದು ಜಲಜಾ ಅವರೇ ಎಂಬುದನ್ನು ಹಂಸಾ ಮರೆತಿರಲಿಲ್ಲ. "ಹೋಗ್ಬನ್ನಿ ಅಂದ್ರೆ, ಎರಡು ಗಂಟೆ ಕೆಲಸ," ಎಂದು ಅವನ ಪಂಚೆ ತಂದು ಕೈಗಿಟ್ಟಳು.

"ಕೆಲಸ ಅನ್ಬೇಡ," ಎಂದು ರಘೋತ್ತಮ ಗಾಬರಿಯಾದ. "ನಾನು ಬರ್ತೀನಿ ಜಲಜಾ ಅವ್ರೆ, ಆದರೆ ಒಂದು ಕಾಸೂ ಮುಟ್ಟಲ್ಲ. ಹೊರಗಡೆ ದುಡಿದೆ ಅಂತ ಗೊತ್ತಾದ್ರೆ ನನ್ನ ಗ್ರಾಂಟು ಹೋಗುತ್ತೆ."

"ಆಯ್ತು, ಮೊದಲು ಬನ್ನಿ," ಎಂದರು ಜಲಜಾ. ಅವರು ಯಾವುದಕ್ಕೂ ಆಗಲ್ಲ ಎನ್ನುವವರಲ್ಲ.

ನಾಗಾರ್ಜುನನ ಹೊಸ ಮನೆ ಲಗೂನಿನ ದಡದಲ್ಲಿತ್ತು. ಅವನೂ ಹೆಂಡತಿ ನಿಹಾರಿಕಾಳೂ ಮಣೆಯ ಮೇಲೆ ಕೂತು ಕಾಯುತ್ತಿದ್ದರು. ಗದಗಿನಿಂದ ಬಂದಿದ್ದ ನಾಗಾರ್ಜುನನ ತಾಯಿ ಅಂಬವ್ವ ಬಾಗಿಲಲ್ಲೇ ರಘೋತ್ತಮನ ಕಾಲಿಗೆ ನೀರು ಕೊಟ್ಟರು. ಹಿಂದೆ ಕುರ್ಚಿಯಲ್ಲಿ ಅಚ್ಯುತ ರಾಯರು, ಅಂದರೆ ಊರವರಿಗೆಲ್ಲ ಟ್ಯಾಕ್ಸ್ ಕಟ್ಟುವ ಬುದ್ಧಿ ಹೇಳುವ ನಿವೃತ್ತ ಅಕೌಂಟೆಂಟು, ಪರೀಕ್ಷಕರ ಹಾಗೆ ಕೂತಿದ್ದರು. ರಘೋತ್ತಮ ಸಂಕಲ್ಪದಲ್ಲಿ "ಕ್ರೌಂಚದ್ವೀಪೇ" ಎಂದೊಡನೆ, "ಅಮೆರಿಕ ಕ್ರೌಂಚದ್ವೀಪ ಅಂತ ಯಾರು ನಿರ್ಧಾರ ಮಾಡಿದ್ರು?" ಎಂದು ಕೇಳಿದರು. ರಘೋತ್ತಮನಿಗೆ ವಾದ ಮಾಡುವಷ್ಟು ನಿದ್ದೆಯಾಗಿರಲಿಲ್ಲ.

ಪ್ರಾಣಾಯಾಮಕ್ಕೆ ಬರುವ ಹೊತ್ತಿಗೆ ಅವನ ಕಣ್ಣು ಎಳೆಯುತ್ತಿತ್ತು. ರಾತ್ರಿ ಓದಿದ್ದು ಅಪ್ಪ ಕಲಿಸಿದ್ದರ ಜೊತೆ ಬೆರೆತುಹೋಯಿತು.

"ಬಲಗಡೆ ಮೂಗು ಮುಚ್ಚಿ ಉಸಿರು ಎಳ್ಕೊಳ್ಳಿ. ಇನ್ನೂ. ಶ್ವಾಸಕೋಶದ ಕೆಳಗಿನ ಭಾಗ ತುಂಬ್ಬೇಕು. ತಡೀರಿ, ಸುಯ್ ಅಂತಿದೆಯಲ್ಲ. ರಾತ್ರಿ ಮಲಗಿದಾಗ ಕೆಮ್ಮು ಬರುತ್ತಾ ನಿಮಗೆ?"

"ಬರುತ್ತೆ," ಎಂದ ನಾಗಾರ್ಜುನ ಬೆರಗಾಗಿ.

"ಡಾಕ್ಟರಿಗೆ ತೋರಿಸಿ. ಬಿಡಬೇಡಿ."

ಅಂಬವ್ವ ಎದ್ದು ಬಂದು ದೂರದಿಂದಲೇ ಕೈಮುಗಿದರು. "ಉಸರಾ ಕೇಳಿ ಒಳಗಿನ ಬ್ಯಾನಿ ಹೇಳ್ತಾರ ನೋಡ್ರಿ. ಇಂಥಾ ಆಚಾರ್ರನ್ನ ನಾ ಕಂಡೇ ಇಲ್ಲ." ಪಾಪ, ಸೆಮಿಸ್ಟರಿನ ಪಾಠವೆಂದು ಆಕೆಗೆ ಹೇಗೆ ಗೊತ್ತಾಗಬೇಕು. ಪೂಜೆ ಮುಗಿದಾಗ ತಟ್ಟೆಯಲ್ಲಿ ವೀಳ್ಯ, ಅಡಿಕೆ, ಬಾಳೆಹಣ್ಣು, ದಪ್ಪನೆಯದೊಂದು ಕವರು ಇಟ್ಟುಕೊಂಡು ಅವರೇ ಮುಂದೆ ಬಂದರು.

ರಘೋತ್ತಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಬೇಡಮ್ಮ. ನಾನು ದಕ್ಷಿಣೆ ತಗೊಳ್ಳೋ ಹಾಗಿಲ್ಲ."

"ಕಮ್ಮಿ ಆತೇನ್ರಿ?" ಅಂಬವ್ವ ಮಗನ ಕಡೆ ನೋಡಿದರು. ಮಗ ಪರ್ಸು ತೆಗೆದು ಇನ್ನಷ್ಟು ಸೇರಿಸಿದ.

"ಕಮ್ಮಿ ಅಂತಲ್ಲ. ಏನೂ ಬೇಡ."

ನಾಗಾರ್ಜುನ ಮತ್ತಷ್ಟು ಸೇರಿಸಿದ. ರಘೋತ್ತಮ ಬೇಡವೆಂದಷ್ಟೂ ಕವರು ಉಬ್ಬುತ್ತಿತ್ತು. ಬದುಕಿನಲ್ಲಿ ಮೊದಲ ಸಲ ತನ್ನ ಬೆಲೆ ಹೀಗೆ ಏರುತ್ತಿದೆ, ಅದೂ ತೆಗೆದುಕೊಳ್ಳಲಾಗದ ದಿನ ಎಂದು ಅವನಿಗೆ ಅಳು ಬಂದಂತಾಯಿತು. ಕಡೆಗೆ ಜಲಜಾ ಗ್ರಾಂಟಿನ ವಿಷಯವನ್ನು ಎಲ್ಲರ ಮುಂದೆ ಬಿಡಿಸಿ ಹೇಳಿದರು. ತಕ್ಷಣ ಅಡುಗೆಮನೆಯಲ್ಲಿ ಮೀಟಿಂಗು ಸೇರಿತು. ಬಂದವರಲ್ಲಿ ಹೆಚ್ಚಿನವರು ಎಂಜಿನಿಯರುಗಳು. ಸಮಸ್ಯೆಯೊಂದು ಸಿಕ್ಕಿದ್ದಕ್ಕೆ ಅವರ ಮುಖಗಳು ಅರಳಿದವು.

"ದುಡ್ಡು ಬೇಡ, ಪಂಚೆ ಶಲ್ಯ ಕೊಡೋಣ," ಎಂದ ಒಬ್ಬ.

"ವಸ್ತು ಕೊಟ್ರೂ ಅದರ ಬೆಲೆ ಇನ್ಕಮ್ಮೇ," ಎಂದರು ಅಚ್ಯುತ ರಾಯರು.

"ಹಂಸಾ ಕೈಗೆ ಕೊಟ್ರೆ?" ಎಂದರು ಜಲಜಾ.

"ಹೆಂಡತಿ ಕೈ ಅಂದ್ರೂ ಅದೇ ಮನೆ."

"ದೇವಸ್ಥಾನದ ಹುಂಡಿಗೆ ಹಾಕಿದ್ರೆ ಹೇಗೆ?" ಎಂದಳು ನಿಹಾರಿಕಾ.

ಅಂಬವ್ವ ಒಪ್ಪಲಿಲ್ಲ. "ಪೂಜಿ ಮಾಡಿದವರು ಇವರು. ಹುಂಡಿಗೆ ಯಾಕ ಹಾಕೂದು? ದಕ್ಷಿಣಿ ಇಲ್ಲದ ಪೂಜಿ ಫಲಾ ಕೊಡೂದಿಲ್ಲ." ಅವರ ಕಣ್ಣು ತುಂಬಿತು. "ಹಿಂದಿನ ಮನ್ಯಾಗೂ ಹಿಂಗ ಆತ್ರಿ. ಆ ಭಟ್ರು ಗಡಿಬಿಡಿಯೊಳಗ ದಕ್ಷಿಣಿ ಬಿಟ್ಟು ಹೋದ್ರು. ವರ್ಷ ತುಂಬೂದ್ರಾಗ ಇವನ ನೌಕರಿ ಹೋತು."

ಕೆಲಸ ಹೋಗುವುದೆಂದರೆ ಏನೆಂದು ರಘೋತ್ತಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ತಾಯಿಯ ಮುಖ ನೋಡಿ ಅವನಿಗೆ ನಿಜವಾಗಿ ಸಂಕಟವಾಯಿತು. "ಅಮ್ಮ, ನನಗೂ ಕೆಲಸ ಹೋಗಿದೆ," ಎಂದ. "ಈಗ ಈ ಗ್ರಾಂಟೂ ಹೋದ್ರೆ ನನಗೆ ಬೇರೆ ದಾರಿಯಿಲ್ಲ. ದಯವಿಟ್ಟು ಬಿಟ್ಬಿಡಿ."

ಅಂಬವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಜಲಜಾ, "ನೀವು ಹೊರಡಿ, ಲೇಟಾಯ್ತು. ನಿಮ್ಮ ಕೈಗೆ ಒಂದು ಪೈಸೆ ಬರಲ್ಲ, ಇದು ನನ್ನ ಮಾತು," ಎಂದರು. ರಘೋತ್ತಮ ಹಸಿದಿದ್ದ. ತಟ್ಟೆಯ ಬಾಳೆಹಣ್ಣನ್ನಾದರೂ ತಿನ್ನಬಹುದೇ ಎಂದು ಅಚ್ಯುತ ರಾಯರನ್ನು ಕೇಳಿದ. ಅವರು ಸ್ವಲ್ಪ ಯೋಚಿಸಿ, "ಒಂದು ತಿನ್ನಿ," ಎಂದರು.

ಬಟ್ಟೆ ಬದಲಿಸಲು ಪುರುಸೊತ್ತಿರಲಿಲ್ಲ. ಪಂಚೆಯ ಮೇಲೆ ಕಾಲೇಜಿನ ಜಾಕೆಟ್ಟು ಏರಿಸಿಕೊಂಡು ಬಸ್ಸು ಹತ್ತಿದ. ಹತ್ತಿದವನಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಇಳಿಯಬೇಕಾದ ಸ್ಟಾಪು ಹಿಂದೆ ಹೋಗಿತ್ತು. ಪಂಚೆ ಎತ್ತಿ ಹಿಡಿದುಕೊಂಡು ಬೆಟ್ಟ ಹತ್ತಿದ. ದಾರಿಯಲ್ಲಿ ಅವನ ಕ್ಲಾಸಿನ ಹುಡುಗನೊಬ್ಬ, "ಸ್ಕರ್ಟ್ ಚೆನ್ನಾಗಿದೆ ಸರ್," ಎಂದು ಮನಸಾರೆ ಮೆಚ್ಚಿಕೊಂಡು ಹೋದ. ಅಂತೂ ಏದುಸಿರು ಬಿಡುತ್ತ ಗ್ರಾಂಟಿನ ಆಫೀಸು ತಲುಪಿದಾಗ ಮೂರು ಹೊಡೆಯುತ್ತಿತ್ತು.

ಗ್ರಾಂಟು ನೋಡಿಕೊಳ್ಳುವ ಮಿಸ್ ಒಕಾಂಪೊ ಅವನ ವಯಸ್ಸಿನವರೇ, ಫಿಲಿಪಿನೊ ಹೆಂಗಸು. ಹಣೆಯ ನಾಮ, ಪಂಚೆ, ಬೆವರು ಎಲ್ಲ ನೋಡಿ ಮೊದಲು ಒಂದು ಲೋಟ ನೀರು ಕೊಟ್ಟರು. ಆಮೇಲೆ ಲೈಬ್ರರಿ ಬಿಟ್ಟು ಹೊರಗೆ ಏನಾದರೂ ದುಡಿದಿದ್ದೀರಾ ಎಂದು ಕೇಳಿದರು.

ಸುಳ್ಳು ಹೇಳಲು ಬೇಕಾದ ಚೈತನ್ಯ ರಘೋತ್ತಮನಲ್ಲಿ ಉಳಿದಿರಲಿಲ್ಲ. ಬಚ್ಚಲುಮನೆಯ ಫ್ಯಾನಿನಿಂದ ಹಿಡಿದು ಬಾಳೆಹಣ್ಣಿನವರೆಗೆ ಎಲ್ಲ ಹೇಳಿಬಿಟ್ಟ. ಮಿಸ್ ಒಕಾಂಪೊ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ನಮ್ಮಲ್ಲೂ ಹೊಸ ಮನೆಗೆ ಪಾದ್ರಿಯನ್ನ ಕರೆದರೆ ಕವರು ಕೊಡ್ತೀವಿ. ನೀವು ಎಂದೋ ಒಂದು ದಿನ ಉಪಕಾರಕ್ಕೆ ಹೋದವರು, ಅವರು ಪ್ರೀತಿಯಿಂದ ಕೊಡೋದು. ಅದನ್ನ ನಾವು ಸಂಬಳ ಅಂತ ಲೆಕ್ಕ ಹಿಡಿಯೋದೇ ಇಲ್ಲ. ಸುಮ್ಮನೆ ತಗೊಂಡು ಜೇಬಿಗಿಟ್ಟುಕೊಂಡಿದ್ದರೆ ಆಗ್ತಿತ್ತು."

ರಘೋತ್ತಮನ ಕಣ್ಣ ಮುಂದೆ ಆ ದಪ್ಪನೆಯ ಕವರು ಬಂದು ಹೋಯಿತು. ಹೋದರೆ ಹೋಗಲಿ, ಗ್ರಾಂಟು ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡು ಎದ್ದ. "ಹಾಗಾದರೆ ನಾನು ಹೊರಡಲಾ?"

"ಕೂತುಕೊಳ್ಳಿ," ಎಂದರು ಮಿಸ್ ಒಕಾಂಪೊ. ಕಂಪ್ಯೂಟರು ನೋಡುತ್ತ ಅವರ ನಗು ಇಳಿಯಿತು. "ನೀವು ಬರೋ ಸ್ವಲ್ಪ ಮುಂಚೆ ಕಾಲೇಜಿನ ವೆಬ್‌ಸೈಟಿನಲ್ಲಿ ಯಾರೋ ನಿಮ್ಮ ಹೆಸರಿಗೆ ಹಣ ಕಟ್ಟಿದ್ದಾರೆ. ಜಲಜಾ ಮತ್ತು ಗೆಳೆಯರು ಅಂತಿದೆ. ಹೀಗೆ ಕಾಲೇಜಿನ ಮೂಲಕ ಬಂದರೆ ಅದು ಹೊರಗಿನ ಸ್ಕಾಲರ್‌ಶಿಪ್ಪು. ಅದಕ್ಕೊಂದು ಮಿತಿ ಇದೆ. ಐನೂರು ಡಾಲರಿನ ತನಕ ನಾವು ತಲೆಕೆಡಿಸಿಕೊಳ್ಳಲ್ಲ. ದಾಟಿದರೆ ಮುಂದಿನ ಸೆಮಿಸ್ಟರಿನ ಗ್ರಾಂಟು ನಿಂತುಹೋಗುತ್ತೆ."

"ಎಷ್ಟು ಕಟ್ಟಿದ್ದಾರೆ?"

"ಐನೂರ ಒಂದು. ಆ ಒಂದು ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ."

ರಘೋತ್ತಮನಿಗೆ ಅರ್ಥವಾಯಿತು. ಅವನು ಮತ್ತೆ ಕುರ್ಚಿಯಲ್ಲಿ ಕೂತ.

ಮಿಸ್ ಒಕಾಂಪೊ ಒಳ್ಳೆಯವರು. ಕೊಟ್ಟವರೇ ಕೇಳಿದರೆ ಆಫೀಸು ಮುಚ್ಚುವುದರೊಳಗೆ ಒಂದು ಡಾಲರನ್ನು ಹಿಂದಕ್ಕೆ ಕಳಿಸಬಹುದು, ಒಂದು ಫೋನು ಸಾಕು ಎಂದರು. ರಘೋತ್ತಮ ಅಲ್ಲೇ ಕೂತು ಜಲಜಾ ಅವರಿಗೆ ಫೋನು ಮಾಡಿದ.

"ಬಂತಾ?" ಎಂದರು ಜಲಜಾ ಸಂಭ್ರಮದಿಂದ. "ನಿಮ್ಮ ಕೈ ಮುಟ್ಟದ ಹಾಗೆ ಕಳಿಸಿದೀವಿ. ನಾಗಾರ್ಜುನನ ಐಡಿಯಾ."

ಅವನು ವಿಷಯ ತಿಳಿಸಿ ಒಂದು ಡಾಲರ್ ವಾಪಸ್ ತಗೊಳ್ಳಿ ಎಂದು ಬೇಡಿಕೊಂಡ. ಆ ಕಡೆ ಗುಸುಗುಸು ನಡೆಯಿತು. ಫೋನು ಅಂಬವ್ವನ ಕೈಗೆ ಹೋಯಿತು.

"ಆಚಾರ್ರ, ಏನ್ ಮಾತಂತ ಆಡ್ತೀರಿ. ಕೊಟ್ಟ ದಕ್ಷಿಣಿ ಹಿಂದಕ್ಕ ತಗೋತಾರೇನ್ರಿ ಯಾರರ? ಅದರಾಗ ಆ ಒಂದು ತಗದ್ರ ಸೊನ್ನಿಗೆ ಬಂದು ನಿಲ್ತದ. ಹೊಸಾ ಮನ್ಯಾಗ ಹಂಗ ಮಾಡಬಾರದ್ರಿ. ನಿಮಗ ಕಮ್ಮಿ ಬಿದ್ದಿದ್ರ ಹೇಳ್ರಿ, ಇನ್ನೊಂದು ನೂರಾ ಒಂದು ಈಗ ಹಾಕಸ್ತೀನಿ."

"ಬೇಡಮ್ಮ," ಎಂದ ರಘೋತ್ತಮ. "ಇಷ್ಟೇ ಸಾಕು."

"ನಾಗಾರ್ಜುನಗ ಆಫೀಸಿಂದ ಈಗರ ಫೋನ್ ಬಂದಿತ್ರಿ. ಪ್ರಮೋಶನ್ ಕೊಟ್ಟಾರಂತ. ನಿಮ್ಮ ಪುಣ್ಯಾ ನೋಡ್ರಿ," ಎಂದು ಅಂಬವ್ವ ಫೋನು ಇಟ್ಟರು.

ಮಿಸ್ ಒಕಾಂಪೊ ಬೆರಳನ್ನು ಕೀಬೋರ್ಡಿನ ಮೇಲೆ ಹಿಡಿದುಕೊಂಡೇ ಕಾಯುತ್ತಿದ್ದರು. "ಏನಂದರು?"

"ಪೂಜೆ ಫಲಿಸಿತಂತೆ," ಎಂದ ರಘೋತ್ತಮ.

ಮುಂದಿನ ಸೆಮಿಸ್ಟರಿನ ಗ್ರಾಂಟು ಹೋಯಿತು, ಈ ಸಂಜೆಯ ಲೈಬ್ರರಿ ಕೆಲಸಕ್ಕೆ ಹೊತ್ತಾಗಿತ್ತು. ಅವನು ಪಂಚೆ ಸರಿಮಾಡಿಕೊಂಡು ಎದ್ದು ಹೋದ.