ಧಾರವಾಡದವನ ಕೈಗೆ ಪುಣೆಯ ಬಂಬ

ನೀರು ಕಾಯಿಸುವುದೂ ಒಂದು ವಿದ್ಯೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಧಾರವಾಡದ ನಮ್ಮ ಮನೆಯ ಬಚ್ಚಲಲ್ಲಿ ಒಲೆಯ ಮೇಲೆ ಕೂರಿಸಿದ ದೊಡ್ಡ ಹಂಡೆ ಇತ್ತು. ಕೆಳಗೆ ಬೆಂಕಿ, ಮೇಲೆ ನೀರು. ಇದರಲ್ಲಿ ತಿಳಿಯದಿರುವಂಥದ್ದು ಏನಿದೆ? ಮ್ಯಾಟ್ರಿಕ್ ಪಾಸಾಗಿ, ಪುಣೆಯ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವನಿಗೆ ನೀರು ಕಾಯಿಸಲು ಬಾರದೇ!

ಹೆಂಡತಿ ಸಾವಿತ್ರಿ ಬಾಣಂತನಕ್ಕೆಂದು ತವರಿಗೆ ಹೋಗಿ ಎಂಟು ತಿಂಗಳಾಗಿತ್ತು. ಮಗಳು ಹುಟ್ಟಿದ್ದಳು. ತೊಟ್ಟಿಲಿಗೆ ಹಾಕುವ ದಿನ ಹೋಗಿ, ಆ ಕೂಸನ್ನು ಅರ್ಧ ಗಳಿಗೆ ಎತ್ತಿಕೊಂಡು ಬಂದಿದ್ದೆ, ಅಷ್ಟೆ. ಸದಾಶಿವ ಪೇಠದ ವಾಡೆಯೊಂದರಲ್ಲಿ ನನ್ನವು ಎರಡು ಖೋಲಿಗಳು. ಊಟ ಖಾನಾವಳಿಯಲ್ಲಿ, ಮಾತು ಮರಾಠಿಯಲ್ಲಿ. ಸಂಜೆ ಬಂದು ಬಾಗಿಲ ಕೀಲಿ ತೆಗೆಯುವಾಗ ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಆಗ ಅದನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ದಿನದ ಕನ್ನಡ ಅಲ್ಲಿಗೆ ಮುಗಿಯುತ್ತಿತ್ತು.

ಹೀಗಿರಲು ಮಾವನವರ ಕಾಗದ ಬಂತು. ಮಿತಭಾಷಿ, ನಿವೃತ್ತ ಶಾಲಾ ಮಾಸ್ತರರು. ಬರುವ ರವಿವಾರ ಬೆಳಿಗ್ಗೆಯ ಗಾಡಿಗೆ ಬರುವುದಾಗಿಯೂ, ಈ ಚಳಿಯಲ್ಲಿ ಕೂಸಿಗೆ ದಿನಾ ಎಣ್ಣೆ ಹಚ್ಚಿ ಬಿಸಿನೀರು ಹಾಕಬೇಕಾದ್ದರಿಂದ ಮನೆಯ ವ್ಯವಸ್ಥೆ ಕಣ್ಣಾರೆ ನೋಡಿ, ಸರಿ ಕಂಡರೆ ಮಗಳು ಮೊಮ್ಮಗಳನ್ನು ಕಳಿಸುವುದಾಗಿಯೂ ಬರೆದಿದ್ದರು. ಕಾಗದವನ್ನು ಮೂರು ಸಲ ಓದಿದೆ. ನನ್ನ ಸಂಸಾರವೆಲ್ಲ ಬಿಸಿನೀರಿನ ಮೇಲೆ ನಿಂತಿತ್ತು!

ಶನಿವಾರ ಕಚೇರಿ ಮುಗಿದ ಮೇಲೆ ನೆಟ್ಟಗೆ ತಾಮ್ರದ ಕೆಲಸದವರ ಓಣಿಗೆ ಹೋದೆ. ಪುಣೆಯಲ್ಲಿ ನಮ್ಮ ಹಂಡೆ ಇಲ್ಲ, ಬಂಬ. ಸೊಂಟದೆತ್ತರದ ಗುಂಡನೆಯ ತಾಮ್ರದ ಪಾತ್ರೆ. ನಡುವೆ ಅಗಲವಾದ ಒಂದು ಕೊಳವೆ, ಭುಜದ ಹತ್ತಿರ ಪುಟ್ಟದೊಂದು ಬಾಯಿ, ಕೆಳಗೆ ಹಿತ್ತಾಳೆಯ ನಳ. ಅಂಗಡಿಯವನು ಅದನ್ನು ಹೊತ್ತಿಸುವ ಕ್ರಮ ಹೇಳಲು ಬಾಯಿ ತೆರೆದ. "ನಾವೇನು ನೀರು ಕಾಯಿಸುವುದನ್ನು ನೋಡಿಲ್ಲವೇ?" ಎಂದು ಅವನ ಬಾಯಿ ಮುಚ್ಚಿಸಿದೆ. ಪಾಪ, ಅವನು ದುಡ್ಡು ಎಣಿಸಿಕೊಂಡ.

ರವಿವಾರ ಬೆಳಕು ಹರಿಯುತ್ತಲೇ ಬಂಬವನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಪ್ರತಿಷ್ಠಾಪಿಸಿ, ಕುಂಕುಮ ಹಚ್ಚಿದೆ. ದೊಡ್ಡ ಬಾಯಿ ಯಾವುದೋ ನೀರು ಅದರಲ್ಲಿ ಎಂಬುದು ಹಂಡೆ ಕಂಡವನ ಸಿದ್ಧಾಂತ. ನಡುವಿನ ಕೊಳವೆಗೆ ಒಂದು ಕೊಡ ಸುರಿದೆ. ತುಂಬಲಿಲ್ಲ. ಎರಡನೆಯದು ಸುರಿದೆ. ತುಂಬಲಿಲ್ಲ. ಏನು ಆಳ, ಏನು ಆಳ ಎಂದು ಹಿಗ್ಗುತ್ತ ನಾಲ್ಕನೆಯ ಕೊಡ ಎತ್ತಿದಾಗ ಹಿಂದಿನಿಂದ ಒಂದು ಕಿರುಚು ಕೇಳಿಸಿತು.

"ಅಹೋ ಧಾರವಾಡಕರ್! ಮಾಝೀ ರಾಂಗೋಳೀ!"

ವಾಡೆಯ ಒಡತಿ ಯಮುನಾಬಾಯಿ. ಮೂರು ಕೊಡ ನೀರೂ ಕೊಳವೆಯ ತಳದ ಜಾಲರಿಯಿಂದ ಇಳಿದು ಅಂಗಳಕ್ಕೆ ಹರಿದಿತ್ತು. ಆಕೆ ಆಗತಾನೇ ಬಿಡಿಸಿದ ರಂಗೋಲಿ ಗಟಾರದ ಕಡೆಗೆ ಪ್ರಯಾಣ ಬೆಳೆಸಿತ್ತು.

"ಹೊಸ ಪಾತ್ರೆ ನೋಡಿ, ತೊಳೆಯುತ್ತಿದ್ದೆ," ಎಂದು ಮರಾಠಿಯಲ್ಲಿ ಸುಳ್ಳು ಹೇಳಿದೆ.

ಆಕೆ ನನ್ನನ್ನೂ ಬಂಬವನ್ನೂ ನೋಡಿದರು. ತಮ್ಮ ಮರಾಠಿಯಲ್ಲಿ, ಮಕ್ಕಳಿಗೆ ಹೇಳುವಂತೆ ಹೇಳಿದರು: "ನಡುವಿನ ಕೊಳವೆ ಬೆಂಕಿಗೆ. ಚಕ್ಕೆ, ಇದ್ದಿಲು ಎಲ್ಲ ಅದರೊಳಗೆ. ಆದರೆ ಅದಕ್ಕೂ ಮೊದಲು ಈ ಪಕ್ಕದ ಬಾಯಿಂದ..."

"ಸಮಜಲಂ, ಸಮಜಲಂ!" ಎಂದೆ, ಎಲ್ಲ ತಿಳಿದವನಂತೆ. ಹೆಂಗಸರೊಬ್ಬರಿಂದ ಬೆಂಕಿಯ ಪಾಠ ಹೇಳಿಸಿಕೊಳ್ಳುವುದು ಕಾರಕೂನನ ಮರ್ಯಾದೆಗೆ ಕುಂದು. ಆಕೆ ಮಾತನ್ನು ಅರ್ಧಕ್ಕೇ ನುಂಗಿ ಒಳಗೆ ಹೋದರು.

ಕೊಳವೆಗೆ ಇದ್ದಿಲು ಸುರಿದೆ. ಕಡ್ಡಿ ಗೀರಿದೆ. ಹೊತ್ತಲಿಲ್ಲ. ಹೇಗೆ ಹೊತ್ತೀತು? ಒಳಗೆಲ್ಲ ಮೂರು ಕೊಡದ ತೇವ! ಇದ್ದಿಲು ತೆಗೆದು, ಹಳೆಯ ಧೋತರದಿಂದ ಕೊಳವೆ ಒರೆಸಿ, ಮತ್ತೆ ತುಂಬಿದೆ. ಈ ಸಲ ಹೊಗೆ ಬಂತು. ಶಾಖ ಹೊರಗೆ ಹೋಗಬಾರದೆಂದು ಮೇಲೆ ತಟ್ಟೆ ಮುಚ್ಚಿದೆ. ಹೊಗೆಯೂ ಹೋಯಿತು! ತಟ್ಟೆ ತೆಗೆದೆ, ಊದಿದೆ, ಬೂದಿ ಕಣ್ಣಿಗೆ ಬಂತು. ಕಡ್ಡಿಪೆಟ್ಟಿಗೆ ಖಾಲಿಯಾಗುತ್ತ ಬಂತು. ಒಣಗಿದ ಕಾಗದ ಹುಡುಕಲು ಒಳಗೆ ಹೋದರೆ ಟ್ರಂಕಿನಲ್ಲಿ ಸಾವಿತ್ರಿಯ ಕಾಗದಗಳ ಕಟ್ಟು ಸಿಕ್ಕಿತು. ಅದನ್ನು ಹಾಗೆಯೇ ಇಟ್ಟು, ಕಳೆದ ವರ್ಷದ ಪಂಚಾಂಗ ತಂದೆ. ರಾಹು ಕೇತು ಸಮೇತ ಅದು ಉರಿದುಹೋಯಿತು. ಇದ್ದಿಲು ಮಾತ್ರ ಕರ್ರಗೆ ಕೂತಿತ್ತು.

ಇನ್ನು ಗಾಡಿ ಬರುವ ಹೊತ್ತು. ಕಂದೀಲಿನ ಚಿಮಣಿ ಎಣ್ಣೆ ತಂದು ಧಾರಾಳವಾಗಿ ಸುರಿದು, ಕೊಳವೆಯೊಳಗೆ ಬಗ್ಗಿ ನೋಡುತ್ತ ಕೊನೆಯ ಕಡ್ಡಿ ಹಾಕಿದೆ.

ಭಗ್!

ಕಣ್ಣು ಬಿಟ್ಟಾಗ ನಾನಿದ್ದೆ, ಬೆಂಕಿಯಿತ್ತು, ಎಡಗಡೆಯ ಮೀಸೆ ಇರಲಿಲ್ಲ. ಹೋದರೆ ಹೋಗಲಿ! ಬಂಬ ಹೊತ್ತಿತ್ತಲ್ಲ! ಅದರ ಪಕ್ಕದಲ್ಲಿ ಕೂತೆ. ಎಂಟು ತಿಂಗಳಲ್ಲಿ ಆ ಮನೆಯಲ್ಲಿ ಅಷ್ಟು ಬೆಚ್ಚಗೆ ಕೂತಿದ್ದು ಅದೇ ಮೊದಲು. "ನೀನೂ ಇನ್ನ ನಮ್ಮನಿಯವನ ನೋಡಪಾ," ಎಂದು ಬಂಬಕ್ಕೆ ಹೇಳಿದೆ. ಅದೂ ಒಳಗಿನಿಂದ ಟಕ್ ಟಕ್ ಎಂದು ಉತ್ತರ ಕೊಟ್ಟಿತು. ನೀರು ಕುದಿಯುತ್ತಿದೆ ಎಂದುಕೊಂಡು ಸಾವಿತ್ರಿ ಬರುವ ದಿನಕ್ಕೆ ರಜೆ ಕೇಳುವುದು ಹೇಗೆಂದು ಮನಸ್ಸಿನಲ್ಲೇ ಅರ್ಜಿ ಬರೆಯತೊಡಗಿದೆ.

ಟಾಂಗಾ ನಿಂತ ಸದ್ದಾಯಿತು. ಮಾವನವರು ಒಳಗೆ ಕಾಲಿಡುವುದಕ್ಕೂ ಬಂಬದ ನಳ ಕಳಚಿ ಠಣ್ಣೆಂದು ಕಲ್ಲಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ನಳ ಬಿದ್ದ ತೂತಿನಿಂದ ಒಂದು ಹನಿ ನೀರೂ ಬರಲಿಲ್ಲ.

ನೀರು ಹಾಕಿದ್ದರೆ ತಾನೆ ಬರುವುದು!

ಯಮುನಾಬಾಯಿ ಅರ್ಧಕ್ಕೆ ನುಂಗಿದ ಮಾತು ಅದೇ ಇರಬೇಕು. ಬರೀ ಪಾತ್ರೆ ಕಾದು, ನಳದ ಬೆಸುಗೆ ಕರಗಿಹೋಗಿತ್ತು.

ಮಾವನವರು ನನ್ನ ಮುಖವನ್ನೇ ನೋಡುತ್ತ ನಿಂತರು. "ಅಳಿಯಂದ್ರ, ಒಂದ ಕಡೆ ಮೀಸಿ ಎಲ್ಲಿ ಹೋತ್ರಿ?"

"ಬಂಬ ಹೊತ್ತಸಾಕ ಹತ್ತಿದ್ದೆರಿ, ಮಾವಾರ."

"ಹೊತ್ತಿತೇನ್ರಿ?"

"ಭಾಳ ಚಲೋ ಹೊತ್ತಿತ್ರಿ. ನೀರ ಹಾಕೂದೊಂದ ಮರತಿತ್ತು."

ಅವರು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಜೀವಮಾನದಲ್ಲಿ ತಣ್ಣೀರು ಮುಟ್ಟದ ಮನುಷ್ಯ ಪುಣೆಯ ಚಳಿಯಲ್ಲಿ "ಹರ ಹರ" ಎಂದು ಎರಡು ತಂಬಿಗೆ ಸುರಿದುಕೊಂಡು, ಗದಗದ ನಡುಗುತ್ತ ಸಂಧ್ಯಾವಂದನೆ ಮಾಡಿದರು.

ಮರುದಿನ ಹೊರಡುವಾಗ ಟಾಂಗಾದ ಹತ್ತಿರ ನಿಂತು ಹೇಳಿದರು. "ಮನಿ ಚಲೋ ಅದರಿ. ನೀವೂ ಭಾಳ ಧಡಪಡ ಮಾಡೀರಿ, ನಾ ಏನ್ ನೋಡ್ಲಿಲ್ಲ ಅಂತಲ್ಲ. ಆದ್ರ ಕೂಸು ಇನ್ನೂ ಸಣ್ಣದದ. ಯುಗಾದಿ ಆಗ್ಲಿ. ಬ್ಯಾಸಗಿ ಬಂದ್ರ ಬಿಸಿನೀರಿನ ಚಿಂತಿ ಇರೂದಿಲ್ಲ."

"ಹೌದ್ರಿ," ಎಂದೆ. ಟಾಂಗಾ ತಿರುವು ದಾಟುವವರೆಗೆ ನಿಂತಿದ್ದು ಒಳಗೆ ಬಂದೆ. ಅಳು ಬಂತು. ಯುಗಾದಿಗೆ ಇನ್ನೂ ಮೂರು ತಿಂಗಳು. ನೀರು ಹಾಕುವ ಒಂದು ತೂತನ್ನು ಗುರುತಿಸಲಾರದ ನನ್ನ ಬುದ್ಧಿವಂತಿಕೆಗೆ ಮೂರು ತಿಂಗಳ ಶಿಕ್ಷೆ!

ಅಂದು ಸಂಜೆಯೇ ಬಂಬವನ್ನು ಅಂಗಡಿಗೆ ಒಯ್ದೆ. ಹೊಸ ನಳ ಕೂರಿಸುತ್ತ ಅಂಗಡಿಯವನು ಹೇಳಿದ್ದನ್ನೆಲ್ಲ ಕೈಕಟ್ಟಿ ನಿಂತು ಕೇಳಿದೆ. ಎರಡೆರಡು ಸಲ ಹೇಳಿಸಿಕೊಂಡೆ.

ಮರುದಿನ ಬೆಳಿಗ್ಗೆ ಪಕ್ಕದ ಬಾಯಿಂದ ನೀರು, ನಡುವೆ ಒಣ ಚಕ್ಕೆ, ಅದರ ಮೇಲೆ ಇದ್ದಿಲು. ಒಂದೇ ಕಡ್ಡಿ! ಹೊಗೆಯಿಲ್ಲ, ಬೂದಿಯಿಲ್ಲ. ಸ್ವಲ್ಪ ಹೊತ್ತಿಗೆ ನಳ ತಿರುವಿದರೆ ಕೈ ಸುಡುವ ನೀರು. ನಮ್ಮ ಕಡೆ ಬೆಂಕಿ ಹಾಕಿದವರು ನೀರು ಕಾದ ಕೂಡಲೇ ಒಳಗಿನವರನ್ನು ಕೂಗುವುದು ರೂಢಿ. ಸಂತೋಷದ ಭರದಲ್ಲಿ ನಾನೂ ಗಂಟಲು ಬಿಚ್ಚಿ ಕೂಗಿಯೇ ಬಿಟ್ಟೆ.

"ನೀರು ಕಾದಾವ, ಬರ್ರಿ!"

ಯಾರು ಬರುತ್ತಾರೆ? ಕೂಗಿದ್ದಕ್ಕೆ ನನಗೇ ನಾಚಿಕೆಯಾಗಿ, "ಬಂದೆ, ಬಂದೆ," ಎಂದು ನಾನೇ ಉತ್ತರ ಕೊಟ್ಟು, ಪಂಚೆ ಹೆಗಲಿಗೆ ಹಾಕಿಕೊಂಡು ಹೋದೆ. ನಾಲ್ಕು ಜನರಿಗೆ ಸಾಲುವಷ್ಟು ನೀರಿನಲ್ಲಿ ಒಬ್ಬನೇ ಮಿಂದೆ. ಬೆನ್ನು ಮಾತ್ರ ಕೈಗೆ ಎಟುಕಲಿಲ್ಲ.